ಕೀಬೋರ್ಡ್ ತಗೋಬೇಕು, ಸಹಾಯ ಮಾಡಿ (ನುಡಿ ಟೈಪಿಂಗ್‌ಗೆ)

ಎಲ್ರಿಗೂ ನಮಸ್ಕಾರ. ನಾನು ಡಿಟಿಪಿ ಕೆಲ್ಸ ಮಾಡೋನು, ದಿನಕ್ಕೆ ಏಳೆಂಟು ಗಂಟೆ ನುಡೀಲೇ (ಕನ್ನಡ ಟೈಪಿಂಗ್ ಸಾಫ್ಟ್‌ವೇರು) ಟೈಪಿಂಗು, ಈಗ ಒಂದೆರಡು ತಿಂಗಳಿಂದ ಎಡಗೈ ಕಿರುಬೆರಳು ಸಂಜೆ ಹೊತ್ತಿಗೆ ಜೋಮು ಹಿಡಿಯುತ್ತೆ. ಕಾರಣ ಗೊತ್ತಿರೋದೇ, ದೀರ್ಘಕ್ಕೂ ಶಿಫ್ಟು ಮಹಾಪ್ರಾಣಕ್ಕೂ ಶಿಫ್ಟು, "ಖಾತೆ" ಅಂತ ಹೊಡೆಯೋಕೇ ಎರಡು ಸಲ, ಮೇಲಿಂದ ಒತ್ತಕ್ಷರಕ್ಕೆಲ್ಲ ಎಫ್ ಕೀ ಬೇರೆ ಒತ್ತಬೇಕು. ಈಗಿರೋ ಐನೂರು ರೂಪಾಯಿ ಕೀಬೋರ್ಡಲ್ಲಿ ಶಿಫ್ಟ್ ಕೀ ರಾಗಿಕಲ್ಲು ತಿರುಗಿಸಿದ ಹಾಗೆ ಗಟ್ಟಿ ಮಾರ್ರೆ!

ಮೆಕ್ಯಾನಿಕಲ್ ಕೀಬೋರ್ಡ್ (ಒಂದೊಂದು ಕೀ ಅಡಿಗೂ ಬೇರೆ ಬೇರೆ ಸ್ವಿಚ್ ಇರೋದು) ತಗೋಳೋಣ ಅಂತಿದೀನಿ. ಚೆರ್ರಿ ಕಂಪನಿ ರೆಡ್ ಸ್ವಿಚ್ ಒತ್ತೋಕೆ 45 ಗ್ರಾಂ ಬಲ ಸಾಕು, ಬ್ರೌನ್‌ಗೆ 55 ಅಂತಾರೆ, ಎರಡೂ 2 ಮಿಮೀ ಇಳಿದ್ರೆ ಅಕ್ಷರ ಬೀಳುತ್ತಂತೆ. ಇಡೀ ದಿನ ಹೊಡೆಯೋರಿಗೆ ಯಾವ್ದು ಹಿತ? ಬ್ಲೂ ಬೇಡ, ಆ ಕಟಕಟ ಸದ್ದಿಗೆ ಮನೆಯವಳು ನನ್ನನ್ನೇ ಆಚೆ ಹಾಕ್ತಾಳೆ.

ಕೀಕ್ರಾನ್ ಕಂಪನಿಯ ವಿ10 (ಆ ಬಾಗಿದ ಆಲಿಸ್ ಲೇಔಟು) ಸಾಕಾ, ಇಲ್ಲಾ ಕ್ಯೂ11 ಥರ ಪೂರ್ತಿ ಎರಡು ತುಂಡಾಗಿರೋದೇ ಬೇಕಾ? ಎರಡರಲ್ಲೂ ವಿಐಎ (ಯಾವ ಕೀಗೆ ಯಾವ ಕೆಲ್ಸ ಅಂತ ಬದಲಾಯಿಸೋ ಸಾಫ್ಟ್‌ವೇರು) ಇರೋದ್ರಿಂದ ಎಡಗಡೆ ಸ್ಪೇಸ್‌ಬಾರನ್ನೇ ಶಿಫ್ಟ್ ಮಾಡ್ಕೊಂಡು ಹೆಬ್ಬೆರಳಿಗೆ ಕೆಲ್ಸ ಕೊಡೋ ಪ್ಲಾನು. ನುಡಿ ಜೊತೆ ಯಾರಾದ್ರೂ ಹಂಗೆ ಮಾಡಿದೀರಾ, ಕೈ ಪಳಗೋಕೆ ಎಷ್ಟು ದಿನ ಹಿಡೀತು? ಬೆಂಗಳೂರಿನ ಎಸ್‌ಪಿ ರೋಡಲ್ಲಿ ಒತ್ತಿ ನೋಡಿ ತಗೋಳೋ ಅಂಗಡಿ ಗೊತ್ತಿದ್ರೂ ಹೇಳಿ.