ಸಹಾಯ ಬೇಕು: ಲಿನಕ್ಸ್ ಸಿಪಿಯುಫ್ರೆಕ್ ಡ್ರೈವರ್ ಸರಳ ಮಾಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಕರ್ನಲ್ ಕೆಲಸ ಗೊತ್ತಿರುವವರು ಸ್ವಲ್ಪ ದಾರಿ ತೋರಿಸಿ.

ಒಂದು ಆರ್ಮ್ ಬೋರ್ಡಿನ ಹಳೆಯ ಸಿಪಿಯುಫ್ರೆಕ್ ಡ್ರೈವರ್ (ಸಿಪಿಯು ವೇಗ ಏರಿಸಿ ಇಳಿಸುವ ಕರ್ನಲ್ ಕೋಡ್) ನನ್ನ ಪಾಲಿಗೆ ಬಂದಿದೆ. ವೇಗ ಏರಿಸುವಾಗ ಮೊದಲು ವೋಲ್ಟೇಜ್ ಏರಿಸಬೇಕು, ಇಳಿಸುವಾಗ ವೋಲ್ಟೇಜ್ ಕೊನೆಗೆ, ಅಲ್ವಾ? ಆ ಲೆಕ್ಕವನ್ನೆಲ್ಲ ಇದರಲ್ಲಿ ಕೈಯಾರೆ ಬರೆದಿದ್ದಾರೆ. ತಪ್ಪಾದರೆ ಹಿಂದಕ್ಕೆ ಬರಲು ಸಾಲು ಸಾಲು ಗೋಟೂ (ಕೋಡಿನ ಬೇರೆ ಜಾಗಕ್ಕೆ ಜಿಗಿಯುವ ಆದೇಶ) ಬೇರೆ. ಡಿವೈಸ್ ಟ್ರೀಯಲ್ಲಿ (ಬೋರ್ಡಿನ ಹಾರ್ಡ್‌ವೇರ್ ವಿವರದ ಫೈಲ್) ಓಪಿಪಿ ಟೇಬಲ್ (ಯಾವ ವೇಗಕ್ಕೆ ಎಷ್ಟು ವೋಲ್ಟೇಜ್ ಎಂಬ ಪಟ್ಟಿ) ಕೊಟ್ಟರೆ ಕರ್ನಲ್‌ನ ಡೆವ್_ಪಿಎಂ_ಓಪಿಪಿ_ಸೆಟ್_ರೇಟ್ ಫಂಕ್ಷನ್ ಒಂದೇ ಇಷ್ಟನ್ನೂ ಸರಿಯಾದ ಕ್ರಮದಲ್ಲಿ ಮಾಡುತ್ತದೆ. ಹಾಗಾಗಿ ಈ ಡ್ರೈವರನ್ನೇ ತೆಗೆದು, ಡಿವೈಸ್ ಟ್ರೀ ನೋಡಿ ಕೆಲಸ ಮಾಡುವ ಸಾಮಾನ್ಯ ಡ್ರೈವರ್ ಸಿಪಿಯುಫ್ರೆಕ್-ಡಿಟಿ ಬಳಸಬೇಕು ಅಂತ ಆಸೆ.

ತೊಡಕು ಒಂದೇ ಕಡೆ. ಪಿಎಲ್‌ಎಲ್ (ಸಿಪಿಯು ಕ್ಲಾಕ್ ಹುಟ್ಟಿಸುವ ಸರ್ಕ್ಯೂಟ್) ಹೊಸ ವೇಗಕ್ಕೆ ಲಾಕ್ ಆಗುವವರೆಗೆ, ಅಂದರೆ ಸ್ಥಿರವಾಗುವವರೆಗೆ, ಸಿಪಿಯುವನ್ನು ಇನ್ನೊಂದು ಕ್ಲಾಕ್ ಮೇಲೆ ಓಡಿಸಬೇಕು. ಈಗ ಅದನ್ನು ಹಳೆಯ ಡ್ರೈವರಿನ ಟಾರ್ಗೆಟ್_ಇಂಟರ್‌ಮೀಡಿಯೆಟ್ ಫಂಕ್ಷನ್ ನೋಡಿಕೊಳ್ಳುತ್ತದೆ. ಸಿಪಿಯುಫ್ರೆಕ್-ಡಿಟಿಯಲ್ಲಿ ಅದಿಲ್ಲ. ರಾಕ್‌ಚಿಪ್ ಕಂಪನಿಯ ಚಿಪ್‌ಗಳ ಕ್ಲಾಕ್ ಕೋಡಿನಲ್ಲಿ ಇದೇ ಕೆಲಸ ನೋಟಿಫೈಯರ್ (ಕ್ಲಾಕ್ ವೇಗ ಬದಲಾಗುವ ಮುಂಚೆ, ಆಮೇಲೆ ಕರೆಯಲಾಗುವ ಫಂಕ್ಷನ್) ಒಳಗೆ ನಡೆಯುತ್ತದೆ. ನನಗೂ ಅದೇ ಸರಿ ಅನ್ನಿಸುತ್ತದೆ. ಕ್ಲಾಕಿನ ತಾಪತ್ರಯ ಕ್ಲಾಕ್ ಡ್ರೈವರಿನಲ್ಲೇ ಇರಲಿ.

ಆದರೆ ನಮ್ಮ ಬದಲಿ ಕ್ಲಾಕ್ 600 ಮೆಗಾಹರ್ಟ್ಸ್. 300ರಿಂದ 400ಕ್ಕೆ ಹೋಗುವಾಗ ವೋಲ್ಟೇಜ್ 400ಕ್ಕೆ ಸಾಕಾಗುವಷ್ಟೇ ಇರುತ್ತದೆ. ಆ ಗಳಿಗೆಯಲ್ಲಿ 600 ಬಂದರೆ ಬೋರ್ಡ್ ಹ್ಯಾಂಗ್ ಆಗಬಹುದು. ನೋಟಿಫೈಯರ್‌ಗೆ ಬದಲಾವಣೆಗೆ ಮುಂಚೆ ಬರುವ ಪ್ರೀ-ರೇಟ್-ಚೇಂಜ್‌ನಲ್ಲಿ ಮೊದಲು ಡಿವೈಡರ್ (ಕ್ಲಾಕ್ ವೇಗವನ್ನು ಭಾಗಿಸುವ ಸರ್ಕ್ಯೂಟ್) ಎರಡಕ್ಕೆ ಇಟ್ಟು, ಆಮೇಲೆ ಮಕ್ಸ್ (ಯಾವ ಕ್ಲಾಕ್ ಎಂದು ಆರಿಸುವ ಸ್ವಿಚ್) ತಿರುಗಿಸಿ, ಬದಲಾವಣೆ ಆದ ಮೇಲೆ ಬರುವ ಪೋಸ್ಟ್‌ನಲ್ಲಿ ಇದನ್ನೇ ಉಲ್ಟಾ ಮಾಡಿದರೆ ಸಾಕಾ? ನಡುವೆ ರೇಟ್ ಬದಲಾವಣೆ ವಿಫಲವಾದರೆ ಅಬಾರ್ಟ್ (ಬದಲಾವಣೆ ರದ್ದು) ಸೂಚನೆಯಲ್ಲೂ ಮಕ್ಸ್ ವಾಪಸ್ ತಿರುಗಿಸಬೇಕಾ?

ಇಂಥದ್ದು ಮಾಡಿದವರು ದಯವಿಟ್ಟು ಹೇಳಿ. ಪ್ಯಾಚ್ ನೋಡಿಕೊಡಲು ಯಾರಾದರೂ ಒಪ್ಪಿದರೆ ಇವತ್ತೇ ಇಲ್ಲಿ ಹಾಕುತ್ತೇನೆ.