ತೂಕ ಸರಿ ಇದೆ, ಮಾಲು ಕಮ್ಮಿ ಇದೆ: ಸರ್ವೇಯರ್ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಬಳ್ಳಾರಿ, ಕೊಪ್ಪಳ, ರಾಯಚೂರು ಲಾರಿ ಬಳಗದ ಎಲ್ಲರಿಗೂ ನಮಸ್ಕಾರ. ಇವತ್ತು ಸಂಜೆ 7ರಿಂದ ವಿಮಾ ಸರ್ವೇಯರ್ ಮೇಡಂ ಗ್ರೂಪಿನಲ್ಲಿ ಇರುತ್ತಾರೆ. ದಾರಿಯಲ್ಲಿ ಮಾಲು ಕಳುವಾದರೆ ಏನು, ಕಮ್ಮಿ ಬಂದರೆ ಏನು, ಕೇಳಿ. ಫಾರ್ವರ್ಡ್ ಬೇಡ. ಶುಭ ಸಂಜೆ ಫೋಟೋನೂ ಬೇಡ.

ಲಾರಿ ಮಾಲೀಕ, ಗಂಗಾವತಿ: ನಮಸ್ತೆ ಮೇಡಂ. ನನ್ನದು 10 ಚಕ್ರದ ಗಾಡಿ, ಫುಲ್ ಇನ್ಶೂರೆನ್ಸ್ ಇದೆ. ಹೋದ ತಿಂಗಳು ಅಕ್ಕಿ ಲೋಡ್‌ನಲ್ಲಿ ತಾಡಪತ್ರಿ ಹರಿದು 22 ಚೀಲ ಎಳೆದುಕೊಂಡಿದ್ದಾರೆ. ಮಿಲ್‌ನವರು ಬಾಡಿಗೆಯಲ್ಲಿ ಹಿಡಿದುಕೊಂಡರು. ನನ್ನ ಪಾಲಿಸಿಯಲ್ಲಿ ಕ್ಲೇಮ್ ಆಗುತ್ತಾ?

ಸರ್ವೇಯರ್: ನಮಸ್ಕಾರ. ಆಗುವುದಿಲ್ಲ. ಫುಲ್ ಅಂದರೆ ಗಾಡಿಗೆ ಫುಲ್, ಮಾಲಿಗಲ್ಲ. ಮಾಲಿಗೆ ಬೇರೆ ಪಾಲಿಸಿ, ಅದರ ಹೆಸರು ಮರೈನ್. ನಮ್ಮ ಕಡೆ ಸಮುದ್ರ ಎಲ್ಲಿದೆ ಅಂತ ನಗಬೇಡಿ, ರಸ್ತೆಯ ಮಾಲಿಗೂ ಅದೇ ಹೆಸರು. ಅದರಲ್ಲಿ ಎ, ಬಿ, ಸಿ ಅಂತ ಮೂರು ಬಗೆ. ಸಿಯಲ್ಲಿ ಬೆಂಕಿ, ಸಿಡಿಲು ಮಾತ್ರ. ಬಿಯಲ್ಲಿ ಡಿಕ್ಕಿ, ಗಾಡಿ ಮಗುಚುವುದು, ಸೇತುವೆ ಕುಸಿಯುವುದು ಸೇರುತ್ತದೆ. ಕಳ್ಳತನ ಬೇಕಾದರೆ ಎ ತಗೊಳ್ಳಬೇಕು. ಸಾಮಾನ್ಯವಾಗಿ ಮಾಲಿನ ಒಡೆಯರು ಇದನ್ನು ಮಾಡಿಸುತ್ತಾರೆ. ನಿಮ್ಮಂಥ ಸಾಗಿಸುವವರಿಗೆ ಕ್ಯಾರಿಯರ್ಸ್ ಲಯಬಿಲಿಟಿ, ಅಂದರೆ ಸಾಗಿಸುವವರ ಹೊಣೆಗಾರಿಕೆ ಪಾಲಿಸಿ, ಅಂತ ಬೇರೆ ಇದೆ. ಅದರಲ್ಲೂ ಎಷ್ಟೋ ಪಾಲಿಸಿಗಳು ಬೆಂಕಿಗೆ, ಅಪಘಾತಕ್ಕೆ ಮಾತ್ರ. ಓದಿ ಸಹಿ ಹಾಕಿ.

ಲಾರಿ ಮಾಲೀಕ, ಸಿರುಗುಪ್ಪ: ಮೇಡಂ, ಢಾಬಾ ಹತ್ತಿರ ಸ್ಟೆಪ್ನಿ ಬಿಚ್ಚಿಕೊಂಡು ಹೋದರು. ಕ್ಲೇಮ್?

ಸರ್ವೇಯರ್: ಗೂಡ್ಸ್ ಗಾಡಿಯಲ್ಲಿ ಗಾಡಿ ಸಮೇತ ಕಳುವಾದರೆ ಮಾತ್ರ. ಬರೀ ಸ್ಟೆಪ್ನಿಗೆ ಇಲ್ಲ.

ಜಿನ್ನಿಂಗ್ ಮಿಲ್, ರಾಯಚೂರು: ಮೇಡಂ, ಹತ್ತಿ ಬೇಲ್ ಮಳೆಗೆ ಒದ್ದೆಯಾಗಿ ತಲುಪಿವೆ. ತಾಡಪತ್ರಿ ಲಾರಿಯವರದ್ದೇ. ನಮ್ಮ ಪಾಲಿಸಿ ಬಿ. ಯಾರನ್ನು ಕೇಳಬೇಕು?

ರೈಸ್ ಮಿಲ್, ಸಿಂಧನೂರು: ಮೇಡಂ, ಅರ್ಜೆಂಟ್. 25 ಕೆಜಿಯ 720 ಚೀಲ ಅಕ್ಕಿ ಕಳಿಸಿದ್ದೆ. ಗಾಡಿ ಫೋನ್ ಬ್ರೋಕರ್ ಕಡೆಯಿಂದ ಬಂದಿದ್ದು. ಇವತ್ತಿಗೆ 4 ದಿನ, ಮಾಲು ತಲುಪಿಲ್ಲ. ಡ್ರೈವರ್ ಫೋನ್ ಸ್ವಿಚ್ ಆಫ್. ಗಾಡಿ ಕೆಟ್ಟಿದೆ, ನಾಳೆ ತಲುಪುತ್ತೆ ಅಂತ ಬ್ರೋಕರ್ ಹೇಳುತ್ತಲೇ ಇದ್ದಾನೆ.

ಸರ್ವೇಯರ್: 4 ದಿನ ಯಾಕೆ ಕಾದಿರಿ? ಈಗಲೇ ಸ್ಟೇಷನ್‌ಗೆ ಹೋಗಿ. ನಮ್ಮ ಹದ್ದಲ್ಲ ಅಂದರೆ ಝೀರೋ ಎಫ್‌ಐಆರ್ ಕೇಳಿ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲೇ ಅದು ಇದೆ. ವಿಮಾ ಕಂಪನಿಗೆ ಇವತ್ತು ರಾತ್ರಿಯೇ ಇಮೇಲ್ ಹಾಕಿ. ಗೇಟ್ ಕ್ಯಾಮೆರಾದ ವಿಡಿಯೋ ಅಳಿಯುವ ಮೊದಲು ತೆಗೆದಿಡಿ. ಆ ಗಾಡಿಯ ಆರ್‌ಸಿ ನೋಡಿದ್ದೀರಾ?

ರೈಸ್ ಮಿಲ್, ಸಿಂಧನೂರು: ಬ್ರೋಕರ್ ವಾಟ್ಸಾಪ್‌ನಲ್ಲಿ ಕಳಿಸಿದ್ದ.

ಸರ್ವೇಯರ್: ಫೋಟೋ ನೋಡಿ 18 ಟನ್ ಬಿಟ್ಟಿರಾ! ಲೋಡ್ ಮಾಡುವ ಮೊದಲು ತೆಗೆದ ಖಾಲಿ ಗಾಡಿಯ ಕಾಟಾ ಚೀಟಿ, ಅಂದರೆ ವೇಬ್ರಿಡ್ಜ್ ತೂಕದ ಚೀಟಿ, ಹುಡುಕಿ. ಆರ್‌ಸಿಯ ಖಾಲಿ ತೂಕದ ಪಕ್ಕ ಇಡಿ. ಒಂದೂವರೆ ಟನ್ ವ್ಯತ್ಯಾಸ ಬಂದರೆ ಆ ನಂಬರ್ ಆ ಗಾಡಿಯದ್ದಲ್ಲ. ಆರ್‌ಸಿಯಲ್ಲಿರುವ ಮಾಲೀಕರನ್ನು ನೀವೇ ಹುಡುಕಿ ಮಾತಾಡಿ. ಬ್ರೋಕರ್ ಕೊಟ್ಟ ನಂಬರಿಗೆ ಮಾಡಬೇಡಿ.

ಬುಕಿಂಗ್ ಆಫೀಸ್, ಬಳ್ಳಾರಿ: ಮೇಡಂ, ನನ್ನದು ಸ್ವಲ್ಪ ವಿಚಿತ್ರ. ಇಲ್ಲಿಂದ ಹೈದರಾಬಾದ್ ಕಡೆಗೆ ಟಿಎಂಟಿ ರಾಡ್ ಲೋಡ್. ಗಾಡಿ ಬೇರೆಯವರದ್ದು, ಮಾಲು ಬುಕ್ ಮಾಡಿದ ರಸೀದಿ ಅಂದರೆ ಎಲ್‌ಆರ್ ನಮ್ಮದು. ಇಲ್ಲಿ ತುಂಬಿದ ಗಾಡಿ ತೂಕ 28,260 ಕೆಜಿ. ಅಲ್ಲಿ 28,240. ಅಂಗಡಿಯವರು ತೂಕ ಸರಿ ಇದೆ ಅಂತ ಎಲ್‌ಆರ್ ಮೇಲೆ ಸಹಿ, ಸೀಲ್ ಹಾಕಿದರು. ಮರುದಿನ ಎಣಿಸಿದರೆ 12 ಎಂಎಂನ 7 ಬಂಡಲ್ ಇಲ್ಲವಂತೆ. ಈಗ ಬಾಡಿಗೆ ತಡೆದಿದ್ದಾರೆ. ಎರಡೂ ಕಡೆ ತೂಕ ಒಂದೇ ಇರುವಾಗ ಮಾಲು ಹೇಗೆ ಕಮ್ಮಿ ಆಗುತ್ತೆ? ಅವರೇ ಸುಳ್ಳು ಹೇಳುತ್ತಿದ್ದಾರೆ ಅಲ್ವಾ?

ಸರ್ವೇಯರ್: ಇರಲೂಬಹುದು. ಆದರೆ ನನಗೆ ಅನುಮಾನ ಬಂದಿದ್ದೇ ಆ ತೂಕದ ಮೇಲೆ. ಬಂಡಲ್‌ಗೆ ಎಷ್ಟು ರಾಡ್? 12 ಮೀಟರ್ ಉದ್ದದ್ದೇನಾ? ಡೀಸೆಲ್ ಎಲ್ಲಿ ಹಾಕಿಸಿದ್ದು?

ಬುಕಿಂಗ್ ಆಫೀಸ್, ಬಳ್ಳಾರಿ: 5 ರಾಡ್. ಹೌದು, 12 ಮೀಟರ್. ಡೀಸೆಲ್ ವಿಷಯ ಗಾಡಿ ಮಾಲೀಕರನ್ನು ಕೇಳಿ ಹೇಳುತ್ತೇನೆ.

ಸರ್ವೇಯರ್: ಅಲ್ಲಿಯವರೆಗೆ ಲೆಕ್ಕ ನೋಡಿ. 12 ಎಂಎಂ ರಾಡ್ ಮೀಟರಿಗೆ 0.888 ಕೆಜಿ. ಒಂದು ರಾಡ್ 10.66 ಕೆಜಿ. 35 ರಾಡ್ ಅಂದರೆ 373 ಕೆಜಿ. ಇಷ್ಟು ಇಳಿದಿದ್ದರೆ ಅಲ್ಲಿ ತೂಕ ಕಮ್ಮಿ ತೋರಿಸಬೇಕಿತ್ತು.

ಇನ್ನೊಂದು ವಿಷಯ ಯಾರೂ ನೋಡುವುದಿಲ್ಲ. ಇಲ್ಲಿಂದ ಹೈದರಾಬಾದಿಗೆ ಸುಮಾರು 360 ಕಿಲೋಮೀಟರ್. ಲೀಟರಿಗೆ 4 ಕಿಲೋಮೀಟರ್ ಹಿಡಿದರೂ 90 ಲೀಟರ್ ಸುಡುತ್ತದೆ. ಡೀಸೆಲ್ ಲೀಟರಿಗೆ 830 ಗ್ರಾಂ ಅಂದರೆ 75 ಕೆಜಿ. ಅಂದರೆ ಒಂದು ರಾಡ್ ಮುಟ್ಟದಿದ್ದರೂ ಗಾಡಿ 75 ಕೆಜಿ ಹಗುರಾಗಿ ತಲುಪಬೇಕು. ನಿಮ್ಮದು 20 ಕೆಜಿ ಮಾತ್ರ ಇಳಿದಿದೆ. ನಡುವೆ ಏನೋ ಸೇರಿದೆ.

ಏನು ಸೇರಿಸುತ್ತಾರೆ ಅಂತ ನಾನು ನೋಡಿದ್ದನ್ನು ಹೇಳುತ್ತೇನೆ. ಹೊರಡುವಾಗ ಟ್ಯಾಂಕ್ ತಳ ಕಾಣುವಂತೆ ಇಟ್ಟು, ಕಾಟಾ ಹತ್ತುವ ಸ್ವಲ್ಪ ಮೊದಲು ತುಂಬಿಸುವುದು. 300 ಲೀಟರ್ ಅಂದರೆ 249 ಕೆಜಿ. ಕ್ಯಾಬಿನ್ ಹಿಂದೆ ನೀರಿನ ಡ್ರಮ್, ಅದು 120 ಕೆಜಿ. ಸೀಟಿನಲ್ಲಿ ಮಲಗಿರುವ ಒಬ್ಬ ಮನುಷ್ಯ, 60 ಕೆಜಿ. ಒಟ್ಟು 429. ಈಗ ನಿಮ್ಮದು ಕೂಡಿಸಿ: ಹೋದ ರಾಡ್ 373, ಸುಟ್ಟ ಡೀಸೆಲ್ 75, ಒಟ್ಟು 448. ಅದರಲ್ಲಿ 20 ಕಳೆಯಿರಿ, 428. ನಿಮ್ಮ ಗಾಡಿಯಲ್ಲಿ ಹೀಗೇ ಆಗಿದೆ ಅಂತ ಹೇಳುತ್ತಿಲ್ಲ, ಆಗಬಹುದು ಅಂತ ತೋರಿಸಿದೆ. ನಾಲ್ಕು ವರ್ಷದ ಹಿಂದೆ ಒಂದು ಗಾಡಿಯ ಟೂಲ್ ಬಾಕ್ಸ್ ತೆಗೆಸಿದಾಗ ಒಳಗೆ ಕಲ್ಲು ಇದ್ದವು. ಜಾಕ್ ಜೊತೆ ನೀಟಾಗಿ ಗೋಣಿಚೀಲ ಹೊದಿಸಿ ಇಟ್ಟಿದ್ದರು.

ಇದಕ್ಕೇ ಖಾಲಿ ತೂಕ ಮುಖ್ಯ. ಅಲ್ಲಿ ಇಳಿಸಿದ ಮೇಲೆ, ಗಾಡಿ ಅಂಗಳ ಬಿಡುವ ಮೊದಲು, ಅದೇ ಕಾಟಾದಲ್ಲಿ ಖಾಲಿ ತೂಗಿದ್ದರೆ ಡ್ರಮ್, ಡೀಸೆಲ್ ಎಲ್ಲ ಅಲ್ಲೇ ಸಿಗುತ್ತಿತ್ತು. ತೂಗಿದ್ದಾರಾ?

ಬುಕಿಂಗ್ ಆಫೀಸ್, ಬಳ್ಳಾರಿ: ಇಲ್ಲ ಮೇಡಂ. ತುಂಬಿದ ತೂಕ ಮಾತ್ರ.

ಸರ್ವೇಯರ್: ಅದೇ ತಪ್ಪು. ಅಂಗಡಿಯವರದ್ದೂ ತಪ್ಪು. ಎಲ್‌ಆರ್ ಮೇಲೆ ಏನೂ ಬರೆಯದೆ ಸಹಿ ಹಾಕಿದ್ದಾರೆ. ಎಣಿಕೆ ಬಾಕಿ ಅಂತ ಎರಡು ಪದ ಬರೆದಿದ್ದರೆ ಅವರ ವಿಮಾ ಕಂಪನಿಯ ಮುಂದೆ ಕೈ ಬಲ ಇರುತ್ತಿತ್ತು. ಆದರೆ ನೀವು ಆರಾಮಾಗಿ ಕೂರಬೇಡಿ. ಎಲ್‌ಆರ್ ನಿಮ್ಮದು. ಡ್ರೈವರ್ ಕದ್ದರೂ ಮಾಲಿನವರು ಹಿಡಿಯುವುದು ನಿಮ್ಮನ್ನೇ. ಅವರ ವಿಮಾ ಕಂಪನಿ ದುಡ್ಡು ಕೊಟ್ಟರೆ, ಆಮೇಲೆ ಆ ಕಂಪನಿಯೇ ಅವರ ಜಾಗದಲ್ಲಿ ನಿಂತು ನಿಮಗೆ ನೋಟಿಸ್ ಕೊಡುತ್ತದೆ. ಕೇಸ್ ಹಾಕಬೇಕಾದರೆ ಬುಕಿಂಗ್ ದಿನದಿಂದ 180 ದಿನದೊಳಗೆ ನಿಮಗೆ ಲಿಖಿತ ನೋಟಿಸ್ ಬರಬೇಕು. ಅದು 2007ರ ರಸ್ತೆ ಸಾಗಣೆ ಕಾಯ್ದೆಯಲ್ಲಿದೆ. ನಿಮ್ಮ ಹತ್ತಿರ ಹೊಣೆಗಾರಿಕೆ ಪಾಲಿಸಿ ಇದೆಯಾ?

ಬುಕಿಂಗ್ ಆಫೀಸ್, ಬಳ್ಳಾರಿ: ಇಲ್ಲ.

ಸರ್ವೇಯರ್: ನನಗೆ ಚಿಂತೆ ಆಗಿದ್ದು ಅದಕ್ಕೇ. 7 ಬಂಡಲ್ ಬದಲು ಪೂರ್ತಿ ಲೋಡ್ ಹೋಗಿದ್ದರೆ?

ಟ್ರಾನ್ಸ್‌ಪೋರ್ಟ್, ಹೊಸಪೇಟೆ: ಎಲ್‌ಆರ್ ಮೇಲೆ ‘ಮಾಲಿನವರ ಜವಾಬ್ದಾರಿ’ ಅಂತ ಪ್ರಿಂಟ್ ಹಾಕಿಸಿ ಸಾಕು. ನಾವು 20 ವರ್ಷದಿಂದ ಹಾಕಿಸುತ್ತಿದ್ದೇವೆ. ಯಾರೂ ಏನೂ ಮಾಡಕ್ಕಾಗಲ್ಲ.

ಸರ್ವೇಯರ್: ಆ ಪ್ರಿಂಟ್ ನಂಬಿ ನೋಟಿಸ್ ಬಂದಾಗ ಸುಮ್ನೆ ಕೂತವರನ್ನು ನೋಡಿದ್ದೇನೆ. ನಿಮ್ಮ ಆಳು ಕದ್ದರೆ ಆ ಸಾಲು ಕೆಲಸಕ್ಕೆ ಬರುವುದಿಲ್ಲ.

ಲಾರಿ ಮಾಲೀಕ, ಕಾರಟಗಿ: ಈ ಡ್ರೈವರ್‌ಗಳೇ ಹೀಗೆ. ಹತ್ತು ಜನರಲ್ಲಿ ಒಂಬತ್ತು ಜನ ಕಳ್ಳರು.

ಡ್ರೈವರ್, ಕುಷ್ಟಗಿ: ಅಣ್ಣಾ, ಬಾಯಿಗೆ ಬಂದಂಗೆ ಬರೆಯಬೇಡ. ರಾತ್ರಿ ಘಾಟಿನಲ್ಲಿ ಗಾಡಿ ಆಮೆ ಹಾಗೆ ಹತ್ತುವಾಗ ಹಿಂದಿನಿಂದ ಹಗ್ಗ ಕತ್ತರಿಸಿ ಚೀಲ ಎಳೆಯುತ್ತಾರೆ. ಕನ್ನಡಿಯಲ್ಲಿ ಕಾಣುವುದಿಲ್ಲ. ಬೆಳಿಗ್ಗೆ ಅದನ್ನೂ ನಮ್ಮ ಪಗಾರದಲ್ಲೇ ಹಿಡಿಯುತ್ತೀರಿ. ನಿಲ್ಲಿಸೋಕೆ ಒಂದು ಯಾರ್ಡ್ ಇಲ್ಲ, ಲೈಟ್ ಇಲ್ಲ.

ಲಾರಿ ಮಾಲೀಕ, ಕಾರಟಗಿ: ಯಾರ್ಡ್ ಇದ್ದರೂ ನೀವು ಢಾಬಾ ಬಿಡಲ್ಲ.

ಡ್ರೈವರ್, ಕುಷ್ಟಗಿ: ಊಟ ನೀನು ತಂದು ಕೊಡ್ತೀಯಾ?

ಟ್ರಾನ್ಸ್‌ಪೋರ್ಟ್, ಹೊಸಪೇಟೆ: ಇಬ್ಬರೂ ಬಿಡಿ. ಲೋಡ್ ಮಾಡುವಾಗ ಹಮಾಲರೇ ಎಣಿಕೆ ತಪ್ಪಿಸುತ್ತಾರೆ, ಅದನ್ನು ಯಾರೂ ಹೇಳಲ್ಲ.

ಲಾರಿ ಮಾಲೀಕ, ಗಂಗಾವತಿ: ಈಗ ಹಮಾಲರ ಮೇಲೂ ಬಂತು. ಬುಕಿಂಗ್ ಆಫೀಸಿನವರು ಮಾತ್ರ ದೇವರು.

ಲಾರಿ ಮಾಲೀಕ, ಯಲಬುರ್ಗಾ: ಮೇಡಂ, ಥರ್ಡ್ ಪಾರ್ಟಿ ಇದೆ, ಮಾಲಿಗೆ ಸಿಗುತ್ತಾ?

ಸರ್ವೇಯರ್: ಇಲ್ಲ. ಮೇಲೆ ಓದಿ.

ಲಾರಿ ಮಾಲೀಕ, ಮಾನ್ವಿ: *ಫಾರ್ವರ್ಡ್* ಮಾಲು ಕಳುವಾದರೆ ಕ್ಲೇಮ್ ಕಷ್ಟ. ಅಪಘಾತ ಅಂತ ತೋರಿಸಿದರೆ 100% ಹಣ. ಗಾಡಿಯನ್ನು ಚಿಕ್ಕ ಗುಂಡಿಗೆ ಇಳಿಸಿ ಫೋಟೋ ತೆಗೆಯಿರಿ. ಎಲ್ಲಾ ಲಾರಿ ಬಂಧುಗಳಿಗೆ ಶೇರ್ ಮಾಡಿ!

ಸರ್ವೇಯರ್: ಅಡ್ಮಿನ್, ಇದನ್ನು ಈಗಲೇ ಅಳಿಸಿ. ಹಾಕಿದವರೇ, ಕೇಳಿ. ಗುಂಡಿಗೆ ಇಳಿದ ಗಾಡಿ ನೋಡೋಕೆ ಬರುವುದು ನಾನೇ. ಚೀಲ ಬಿದ್ದಿದ್ದರೆ ಹರಿದಿರಬೇಕು, ನೆಲದ ಮೇಲೆ ಅಕ್ಕಿ ಇರಬೇಕು. ಟೋಲ್ ದಾಟಿದ ಹೊತ್ತು ಫಾಸ್ಟ್‌ಟ್ಯಾಗ್‌ನಲ್ಲಿ ಇರುತ್ತದೆ. ಸುಳ್ಳು ಕ್ಲೇಮ್ ಅಂತ ಗೊತ್ತಾದರೆ ನಿಜವಾಗಿ ಹೋದ ಮಾಲಿಗೂ ದುಡ್ಡಿಲ್ಲ, ಮೇಲಿಂದ ಕೇಸು.

ಲಾರಿ ಮಾಲೀಕ, ಮಾನ್ವಿ: ಬಂದದ್ದನ್ನು ಕಳಿಸಿದೆ ಮೇಡಂ. ಒಳ್ಳೆಯದಾಗಲಿ ಅಂತ.

ಸರ್ವೇಯರ್: ಯಾರಿಗೆ ಒಳ್ಳೆಯದು?

ಲಾರಿ ಮಾಲೀಕ, ಕೊಪ್ಪಳ: ಮೇಡಂ, ನನ್ನ ಅಳಿಯನ ಗಾಡಿ ಹಿಟ್ನಾಳ ಟೋಲ್ ದಾಟಿ ನಿಂತಾಗ ಕಳುವಾಯಿತು. ಡ್ರೈವರ್ ಕೀ ಗಾಡಿಯಲ್ಲೇ ಬಿಟ್ಟಿದ್ದ. ಕಂಪನಿ ಪೂರ್ತಿ ತಿರಸ್ಕರಿಸಿದೆ.

ಸರ್ವೇಯರ್: ಪೂರ್ತಿ ತಿರಸ್ಕಾರ ಅಂತ ಒಪ್ಪಿಕೊಂಡು ಕೂರಬೇಡಿ. ಕೀ ಬಿಟ್ಟಿದ್ದ ಟ್ರಕ್ ಪ್ರಕರಣವೊಂದರಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್ ಶೇ 75 ಕೊಡಿಸಿದೆ. ಕಾಗದ ತಗೊಂಡು ಗ್ರಾಹಕರ ಆಯೋಗದ ಕೆಲಸ ಮಾಡುವ ವಕೀಲರನ್ನು ನೋಡಿ.

ರೈಸ್ ಮಿಲ್, ಸಿಂಧನೂರು: ಮೇಡಂ, ಆರ್‌ಸಿ ಮಾಲೀಕರು ಸಿಕ್ಕರು. ಅವರ ಗಾಡಿ ಅವರ ಮನೆ ಮುಂದೆಯೇ ನಿಂತಿದೆಯಂತೆ. 8 ದಿನದಿಂದ ಕದಲಿಲ್ಲ. ವಿಡಿಯೋ ಕಾಲ್‌ನಲ್ಲಿ ತೋರಿಸಿದರು.

ಸರ್ವೇಯರ್: ಅಂದರೆ ನಕಲಿ ನಂಬರ್. ಸ್ಟೇಷನ್‌ನಲ್ಲಿ ಇದನ್ನೇ ಮೊದಲು ಹೇಳಿ. ಎಲ್ಲಿದ್ದೀರಿ ಈಗ?

ರೈಸ್ ಮಿಲ್, ಸಿಂಧನೂರು: ದಾರಿಯಲ್ಲಿ. ಕ್ಲೇಮ್ ಬರುತ್ತಾ ಮೇಡಂ? ಪಾಲಿಸಿ ಎ ಇದೆ.

ಸರ್ವೇಯರ್: ಎ ಇರುವುದು ಒಳ್ಳೆಯದು. ಆದರೆ ಕಂಪನಿ ತಕರಾರು ತೆಗೆಯಬಹುದು. ನೀವೇ ಕೈಯಾರೆ ಕೊಟ್ಟಿದ್ದೀರಿ, ಇದು ಕಳ್ಳತನ ಅಲ್ಲ, ಮೋಸ ಅಂತ. ಪಾಲಿಸಿಯ ಷರತ್ತು ಪೂರ್ತಿ ಓದದೆ ನಾನು ಹೂಂ ಅನ್ನುವುದಿಲ್ಲ. ದೂರಿನಲ್ಲಿ ನಡೆದಿದ್ದನ್ನು ನಡೆದ ಹಾಗೇ ಬರೆಸಿ. ಅಲಂಕಾರ ಬೇಡ.

ಲಾರಿ ಮಾಲೀಕ, ಸಿರುಗುಪ್ಪ: ಮೇಡಂ, ಸ್ಟೆಪ್ನಿ ಜೊತೆ ಬ್ಯಾಟರಿ ಹೋಗಿದ್ದರೆ?

ಸರ್ವೇಯರ್: ಇಲ್ಲ.

ಲಾರಿ ಮಾಲೀಕ, ಸಿರುಗುಪ್ಪ: ಡೀಸೆಲ್?

ಸರ್ವೇಯರ್: ಇಲ್ಲ ಅಂದೆನಲ್ಲ.

ಜಿನ್ನಿಂಗ್ ಮಿಲ್, ರಾಯಚೂರು: ಮೇಡಂ, ಹತ್ತಿ ಬೇಲ್ ಬಗ್ಗೆ ಕೇಳಿದ್ದೆ.

ಲಾರಿ ಮಾಲೀಕ, ಕಾರಟಗಿ: ಇಷ್ಟೆಲ್ಲ ಪಾಲಿಸಿ ಮಾಡಿಸಿದರೆ ಬಾಡಿಗೆಯಲ್ಲಿ ಏನು ಉಳಿಯುತ್ತೆ? ಕೊನೆಗೆ ಕಂಪನಿಯವರೂ ಸರ್ವೇಯರೂ ಒಂದೇ.

ಸರ್ವೇಯರ್: ನಾನು ಕಂಪನಿಯ ನೌಕರಳಲ್ಲ. ಆಗಿದ್ದನ್ನು ನೋಡಿ ಬರೆಯುತ್ತೇನೆ. ಭಾನುವಾರ ಸಂಜೆ ಕಾಸಿಲ್ಲದೆ ಇಲ್ಲಿ ಕೂತಿದ್ದೇನೆ, ನಿಮಗೆ ಬೇಡ ಅಂದರೆ ಓದಬೇಡಿ.

ಅಡ್ಮಿನ್: ಕಾರಟಗಿಯವರು ಸ್ವಲ್ಪ ಸುಮ್ಮನಿರಿ.

ಬುಕಿಂಗ್ ಆಫೀಸ್, ಬಳ್ಳಾರಿ: ಮೇಡಂ, ಡೀಸೆಲ್ ಬಿಲ್ ಬಂತು. 302 ಲೀಟರ್. ಬಂಕ್ ಹೈದರಾಬಾದ್ ಹತ್ತಿರ. ಹೊತ್ತು ಬೆಳಿಗ್ಗೆ 4:10. ಅಲ್ಲಿನ ಕಾಟಾ ಚೀಟಿ 5:35.

ಸರ್ವೇಯರ್: ಡೀಸೆಲ್ ನಮ್ಮ ಕಡೆ ಅಗ್ಗ. ಆ ಕಡೆಯ ಗಾಡಿಗಳೇ ಗಡಿ ದಾಟಿ ಬಂದು ಇಲ್ಲಿ ತುಂಬಿಸಿಕೊಳ್ಳುತ್ತವೆ. ಇಲ್ಲಿ ಬಿಟ್ಟು ಅಲ್ಲಿ ಹೋಗಿ 302 ಲೀಟರ್ ಯಾಕೆ ಹಾಕಿಸಿದ, ಅದೂ ಕಾಟಾ ಹತ್ತುವ ಒಂದೂವರೆ ತಾಸು ಮೊದಲು? ಇಲ್ಲಿಂದ ಹೊರಟಾಗ ಟ್ಯಾಂಕ್ ಎಷ್ಟಿತ್ತು ಅಂತ ಮಾಲೀಕರನ್ನು ಕೇಳಿ. ಇದೊಂದೇ ಸಾಕ್ಷಿ ಆಗುವುದಿಲ್ಲ, ಗೊತ್ತಿರಲಿ.

ಲಾರಿ ಮಾಲೀಕ, ಕಾರಟಗಿ: ನಾನು ಹೇಳಿರಲಿಲ್ವಾ ಡ್ರೈವರ್ ಅಂತ!

ಡ್ರೈವರ್, ಕುಷ್ಟಗಿ: ಮೇಡಂ, ಒಂದು ಮಾತು. ಎಷ್ಟೋ ಮಾಲೀಕರು ಡೀಸೆಲ್ ಕಾರ್ಡ್ ಕೊಡುತ್ತಾರೆ. ಕಾರ್ಡ್ ನಡೆಯುವ ಬಂಕ್ ಸಿಗುವವರೆಗೂ ನಾವು ಹಾಕಿಸುವುದಿಲ್ಲ. ಆ ಬಿಲ್ ಕಾರ್ಡಿನದ್ದಾ, ಕ್ಯಾಶಾ? ಟ್ರಿಪ್ ಅಡ್ವಾನ್ಸ್ ಎಷ್ಟು ಕೊಟ್ಟಿದ್ದರು?

ಸರ್ವೇಯರ್: ಇದು ಸರಿಯಾದ ಪ್ರಶ್ನೆ. ನಾನೇ ಕೇಳಬೇಕಿತ್ತು.

ಬುಕಿಂಗ್ ಆಫೀಸ್, ಬಳ್ಳಾರಿ: ಬಿಲ್ 28 ಸಾವಿರದ ಮೇಲಿದೆ. ಕ್ಯಾಶ್ ಅಂತ ಬರೆದಿದೆ. ಮಾಲೀಕರು ಕೊಟ್ಟ ಅಡ್ವಾನ್ಸ್ 12 ಸಾವಿರ. ಆಮೇಲೆ ಏನೂ ಹಾಕಿಲ್ಲವಂತೆ.

ಡ್ರೈವರ್, ಕುಷ್ಟಗಿ: ಹಂಗಾದರೆ ನನಗೂ ಹೇಳೋಕೆ ಏನೂ ಉಳಿದಿಲ್ಲ ರೀ.

ಸರ್ವೇಯರ್: ಬಳ್ಳಾರಿಯವರೇ, ಆ ಬಿಲ್, ಎರಡೂ ಕಾಟಾ ಚೀಟಿ, ಫಾಸ್ಟ್‌ಟ್ಯಾಗ್ ಪಟ್ಟಿ ನಾಳೆ ತನ್ನಿ. ಫೋಟೋ ಅಲ್ಲ, ಕಾಗದ.