ಗಿಟಾರಿನಲ್ಲಿ ಮಾರ್ಟಿನ್ ಕಾರ್ತಿ ಶ್ರುತಿಗೆ ಯಾವ ತಂತಿ?

ತಂತಿಪ್ರಿಯ, ತುಮಕೂರು:
ಇಂಗ್ಲಿಷ್ ಜಾನಪದ ಗಾಯಕ, ಗಿಟಾರ್ ವಾದಕ ಕಾರ್ತಿಯವರ ಶ್ರುತಿ ದಪ್ಪ ತಂತಿಯಿಂದ ಸಿ-ಜಿ-ಸಿ-ಡಿ-ಜಿ-ಎ ತಾನೇ? 12ರ ಸೆಟ್ಟನ್ನೇ (ಅತಿ ತೆಳು ತಂತಿ 0.012 ಇಂಚಿನದು) ಇಳಿಸಿದ್ರೆ ತಂತಿ ಜೋಲಾಡುತ್ತೆ, ಫ್ರೆಟ್ಟಿಗೆ (ಕತ್ತಿನ ಮೇಲಿನ ಲೋಹದ ಪಟ್ಟಿ) ಬಡಿದು ಗರಗರ ಅನ್ನುತ್ತೆ. ಏನು ಮಾಡೋದು?

ಏಕತಾರಿ, ಕೋಲಾರ:
ಜೋಲಾಡದೆ ಇನ್ನೇನು! 1ನೇ (ಅತಿ ತೆಳು) ತಂತಿ ಇ ಇಂದ ಎಗೆ ಏಳು ಫ್ರೆಟ್‌ನಷ್ಟು ಇಳಿಯುತ್ತೆ, 3ನೆಯದು ಐದು. ಸೆಟ್ ಬೇಡ, ಬಿಡಿಯಾಗಿ ತಗೊಳ್ಳಿ. 1ಕ್ಕೆ 0.017, 2ಕ್ಕೆ 0.020, ಎರಡೂ ಬರೀ ಉಕ್ಕು. 3ಕ್ಕೆ 0.032 ಸುತ್ತಿದ ತಂತಿ; ಮಾಮೂಲಿ 4ನೇ ತಂತಿಯೇ ಅದು, ಡಿ ಸ್ವರವೂ ಅದೇ. 6ಕ್ಕೆ 0.059 ಇರಲಿ.

ಮರಗೆಲಸ:
ನಟ್ ಮರೀಬೇಡಿ, ಅಂದ್ರೆ ಕತ್ತಿನ ತುದಿಯಲ್ಲಿ ತಂತಿಗಳು ಕೂರೋ ಪಟ್ಟಿ. 12ಕ್ಕೆ ಕೊರೆದ ತೋಡಿನಲ್ಲಿ 17 ಕೂರಲ್ಲ, ಮೇಲೇ ನಿಲ್ಲುತ್ತೆ. ಬಿರಡೆ ತಿರುಗಿಸಿದಾಗ ಟಿಕ್ ಅಂತ ಸದ್ದಾಗಿ ಶ್ರುತಿ ಹಾರಿದ್ರೆ ಅಲ್ಲೇ ಸಿಕ್ಕಿಕೊಂಡಿದೆ ಅಂತ. ನಟ್ ಅರದಿಂದ ಅಗಲ ಮಾತ್ರ ಹೆಚ್ಚಿಸಿ. ಆಳ ಹೋದ್ರೆ ಖಾಲಿ ತಂತಿ ಗರಗುಟ್ಟುತ್ತೆ, ಹೊಸ ನಟ್ಟೇ ಗತಿ.

ಏಕತಾರಿ, ಕೋಲಾರ:
ಸಿಯನ್ನು ಷಡ್ಜ ಅಂದ್ಕೊಳ್ಳಿ: ಸ ಪ ಸ ರಿ ಪ ದ. ಮೇಜರ್ರೋ ಮೈನರ್ರೋ ಅಂತ ಹೇಳೋ ಗಾಂಧಾರವೇ ಇಲ್ಲ! ಅದಕ್ಕೇ ಹಳೇ ಇಂಗ್ಲಿಷ್ ಹಾಡುಗಳಿಗೆ ಇಷ್ಟು ಒಗ್ಗುತ್ತೆ. ಕಾರ್ಡ್ (ಸ್ವರಗುಚ್ಛ) ಹಿಡಿದು ಮೇಜರ್ರೋ ಮೈನರ್ರೋ ಅಂತ ತೀರ್ಮಾನ ಮಾಡ್ಬೇಕಿಲ್ಲ. ಕಾರ್ತಿ ಹೆಬ್ಬೆರಳ ಪಿಕ್‌ನಿಂದ ಮಂದ್ರ ತಂತಿಗೆ ಗುದ್ದಿ, ಹಾಡಿನ ಧಾಟಿಯನ್ನೇ ನುಡಿಸ್ತಾರೆ. ಅವರ 1972ರ ಆಲ್ಬಂ ‘ಶಿಯರ್‌ವಾಟರ್’ ಕೇಳಿ. ಕೈವಾರದ ತತ್ವಪದ ಕೇಳಿದ ಕಿವಿಗೆ ಆ ಗುದ್ದು ಹೊಸದೇನಲ್ಲ ಬಿಡಿ.

ತಂತಿಪ್ರಿಯ, ತುಮಕೂರು:
4, 5ಕ್ಕೆ?

ಮರಗೆಲಸ:
0.036, 0.046. ಒಂದೇ ಸಲ ಎಲ್ಲ ಬಿಚ್ಬೇಡಿ.